ಸಿಗರೇಟ್ ಬಿಟ್ಟರು, ಆರೂವರೆ ಕೆಜಿ ಏರಿದರು: ಕಾರಟಗಿ ಕಡೆಯ ಒಬ್ಬ ರೈಸ್‌ಮಿಲ್ ಗುಮಾಸ್ತರ ಪ್ರಕರಣ

ಸಿಗರೇಟ್ ಬಿಟ್ಟರೆ ತೂಕ ಏರುತ್ತದೆ ಅನ್ನೋದು ನಿಜ. ಎಲ್ಲರಿಗೂ ಅಲ್ಲ, ಆದರೆ ಬಹಳ ಜನಕ್ಕೆ ಏರುತ್ತದೆ. ಮೊದಲೇ ಹೇಳಿದರೆ ಎಲ್ಲಿ ಹೆದರಿ ಬಿಡುವ ಯೋಚನೆಯನ್ನೇ ಕೈಬಿಡುತ್ತಾರೋ ಅಂತ ಎಷ್ಟೋ ಸಲಹೆಗಾರರು ಸುಮ್ಮನಿರುತ್ತಾರೆ. ನಾನು ಮೊದಲ ಭೇಟಿಯಲ್ಲೇ ಹೇಳುತ್ತೇನೆ. ಯಾಕೆಂದರೆ ಮೂರು ತಿಂಗಳಾದ ಮೇಲೆ ಪ್ಯಾಂಟ್ ಬಿಗಿಯಾಗಿ, ಕಂಡವರೆಲ್ಲ ಹೊಟ್ಟೆ ನೋಡಿ ಮಾತಾಡೋಕೆ ಶುರು ಮಾಡಿದಾಗ ಮನುಷ್ಯ ಮತ್ತೆ ಸಿಗರೇಟಿಗೇ ಹೋಗುತ್ತಾನೆ. ನಮ್ಮ ಕಡೆ ಇದನ್ನು ಬೇಕಾದಷ್ಟು ನೋಡಿದ್ದೇನೆ.

ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬರದ್ದು. ಅವರ ಒಪ್ಪಿಗೆ ಇದೆ. ಹೆಸರು, ಊರು, ಮಿಲ್ಲು ಯಾವುದೂ ಬೇಡ, ಗುಮಾಸ್ತರು ಅಂತ ಕರೆಯೋಣ.

ವಯಸ್ಸು 44. ಕೊಪ್ಪಳ ಜಿಲ್ಲೆ, ಗಂಗಾವತಿ-ಕಾರಟಗಿ ರಸ್ತೆಯ ಕಡೆ ಒಂದು ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಲಾರಿ ಬಂದರೆ ತೂಕದ ಕಾಟಾ ಚೀಟಿ ನೋಡಬೇಕು, ಹಮಾಲರ ಕೂಲಿ ಲೆಕ್ಕ ಹಾಕಬೇಕು, ಉಳಿದ ಹೊತ್ತು ಕುರ್ಚಿ ಮೇಲೆ. ಭತ್ತದ ಸುಗ್ಗಿಯಲ್ಲಿ ರಾತ್ರಿ ಹನ್ನೆರಡಾದರೂ ಮನೆಗೆ ಹೋಗೋ ಹಾಗಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಸೇದುತ್ತಿದ್ದರು. ದಿನಕ್ಕೆ ಹತ್ತು ಸಿಗರೇಟ್, ಸುಗ್ಗಿಯ ರಾತ್ರಿಗಳಲ್ಲಿ ಲಾರಿ ಡ್ರೈವರುಗಳ ಜೊತೆ ಬೀಡಿ ಬೇರೆ. ಬೆಳಗ್ಗೆ ಎದ್ದು ಹತ್ತು ನಿಮಿಷದೊಳಗೆ ಮೊದಲನೆಯದು ಹಚ್ಚಬೇಕು. ಈ ಒಂದು ವಿಷಯ ನನಗೆ ಬಹಳ ಮುಖ್ಯ. ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವರಲ್ಲಿ ನಿಕೋಟಿನ್ ಹಿಡಿತ ಜಾಸ್ತಿ ಇರುತ್ತದೆ. ಬರೀ ಮನಸ್ಸು ಗಟ್ಟಿ ಮಾಡ್ಕೋ ಅಂದರೆ ಅವರಿಗೆ ಸಾಲುವುದಿಲ್ಲ.

ಎತ್ತರ 168 ಸೆಂಟಿಮೀಟರ್, ತೂಕ 71 ಕೆಜಿ, ಸೊಂಟದ ಸುತ್ತಳತೆ 94. ಬಿಪಿ ಅಂಚಿನಲ್ಲಿತ್ತು. ಮೂರು ತಿಂಗಳ ಸಕ್ಕರೆ ಸರಾಸರಿ ಹೇಳುವ ಎಚ್‌ಬಿಎ1ಸಿ 6.0 ಬಂದಿತ್ತು, ಅಂದರೆ ಸಕ್ಕರೆ ಕಾಯಿಲೆ ಅಲ್ಲ, ಆದರೆ ಅದರ ಹೊಸ್ತಿಲು. ನಮ್ಮ ಜನರಿಗೆ ಎತ್ತರಕ್ಕೆ ತೂಕ ಎಷ್ಟು ಅಂತ ಅಳೆಯುವ ಬಿಎಂಐ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಗಂಡಸರ ಸೊಂಟ 90 ಸೆಂಟಿಮೀಟರ್ ಮೀರಬಾರದು. ನೋಡೋಕೆ ಸಣ್ಣಗೇ ಇದ್ದ ಗುಮಾಸ್ತರು ಸೇದುತ್ತಿದ್ದ ಕಾಲದಲ್ಲೇ ಎರಡೂ ಗೆರೆ ದಾಟಿದ್ದರು. ಸಿಗರೇಟ್ ಮೈ ಸಣ್ಣಗಿಡುತ್ತದೆ ಅನ್ನುವವರು ಇದನ್ನು ಗಮನಿಸಬೇಕು. ಸೇದುವವರಿಗೆ ಕೈಕಾಲು ಸಣ್ಣಗಿದ್ದು ಹೊಟ್ಟೆ ಸುತ್ತ ಕೊಬ್ಬು ಕೂಡುವುದು ಜಾಸ್ತಿ, ಸಕ್ಕರೆ ಕಾಯಿಲೆಯ ಅಪಾಯವೂ ಜಾಸ್ತಿ.

ಮೊದಲ ಸಲ ಬಿಟ್ಟಿದ್ದು ಯಾಕೆ ನಿಲ್ಲಲಿಲ್ಲ

ನನ್ನ ಹತ್ತಿರ ಬರುವ ಎರಡು ವರ್ಷ ಮೊದಲು ಅವರೇ ಒಮ್ಮೆ ಬಿಟ್ಟಿದ್ದರು. ಮೆಡಿಕಲ್ ಶಾಪಿನಲ್ಲಿ ನಿಕೋಟಿನ್ ಚೂಯಿಂಗ್ ಗಮ್ ತಂದರು, ಎಲೆ-ಅಡಿಕೆ ಅಗಿದ ಹಾಗೆ ಗಬಗಬ ಅಗಿದರು, ಮೇಲೆ ಚಹಾ ಕುಡಿದರು. ಬಿಕ್ಕಳಿಕೆ ಬಂತು, ಎದೆ ಉರಿ ಬಂತು, ತಲಬು, ಅಂದರೆ ಸೇದಬೇಕು ಅನ್ನುವ ಸೆಳೆತ, ಮಾತ್ರ ಹಾಗೇ ಇತ್ತು. ವಾರಕ್ಕೇ ಗಮ್ ಎಸೆದರು. ಹೇಗೋ ಎರಡು ತಿಂಗಳು ಹಲ್ಲು ಕಚ್ಚಿ ಹಿಡಿದರು. ಅಷ್ಟರಲ್ಲಿ ಐದು ಕೆಜಿ ಏರಿತ್ತು. "ಬಿಟ್ಟಿದ್ದಕ್ಕ ಹೊಟ್ಟಿ ಬಂತು, ಸೇದೋದ ಚಲೋ ಇತ್ತು ಬಿಡ್ರಿ" ಅಂತ ಮಿಲ್ಲಿನಲ್ಲಿ ಯಾರೋ ಅಂದರು. ಅದನ್ನೇ ನೆಪ ಮಾಡಿಕೊಂಡು ಮತ್ತೆ ಶುರು ಮಾಡಿದರು. ಏರಿದ ಐದರಲ್ಲಿ ಎರಡು ಕೆಜಿ ಇಳಿಯಿತು ಅಷ್ಟೇ. ಕೆಮ್ಮು ಪೂರ್ತಿ ವಾಪಸ್ ಬಂತು.

ತೂಕ ಏರುವುದಕ್ಕೆ ಕಾರಣ ಸರಳವಾಗಿದೆ. ನಿಕೋಟಿನ್ ಹಸಿವನ್ನು ಅದುಮುತ್ತದೆ, ಜೊತೆಗೆ ಮೈ ಸುಮ್ಮನೆ ಕೂತಾಗ ಸುಡುವ ಶಕ್ತಿಯನ್ನು ಸ್ವಲ್ಪ ಏರಿಸುತ್ತದೆ. ದಿನಕ್ಕೆ ಒಂದು ಪ್ಯಾಕಿಗಿಂತ ಜಾಸ್ತಿ ಸೇದುವವರಲ್ಲಿ ಇದು 200 ಕ್ಯಾಲೊರಿ ಆಸುಪಾಸು. ಬಿಟ್ಟ ಕೂಡಲೇ ಆ ಸುಡುವಿಕೆ ನಿಲ್ಲುತ್ತದೆ, ಹಸಿವು ಬಿಚ್ಚಿಕೊಳ್ಳುತ್ತದೆ, ನಾಲಿಗೆಗೆ ರುಚಿ ವಾಪಸ್ ಬರುತ್ತದೆ, ಕೈ ಸುಮ್ಮನಿರುವುದಿಲ್ಲ. ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕೆಜಿ ಏರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. ಕೆಲವರಿಗೆ ಒಂದು ಕೆಜಿಯೂ ಏರುವುದಿಲ್ಲ, ಕೆಲವರಿಗೆ ಹತ್ತು ದಾಟುತ್ತದೆ. ಇಷ್ಟೆಲ್ಲ ಏರಿದರೂ ಹೃದಯಕ್ಕೆ ಸಿಗುವ ಲಾಭ ಹೋಗುವುದಿಲ್ಲ. ಬಿಟ್ಟು ಒಂದು ವರ್ಷ ಕಳೆದರೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಐದು ಕೆಜಿ ಅದನ್ನು ಅಳಿಸಲಾರದು. ಗುಮಾಸ್ತರಿಗೆ ಇದನ್ನು ಪದೇ ಪದೇ ಹೇಳಿದ್ದೇನೆ.

ಎರಡನೇ ಸಲ

ಸಂಕ್ರಾಂತಿ ಮುಗಿದ ವಾರ ದಿನ ಗೊತ್ತು ಮಾಡಿದೆವು. ಮುಂಗಾರಿನ ಭತ್ತ ಬಂದು ಹೋಗಿರುತ್ತದೆ, ಎರಡನೇ ಬೆಳೆಗೆ ಇನ್ನೂ ಟೈಮ್ ಇರುತ್ತದೆ, ರಾತ್ರಿ ಕೆಲಸ ಇರುವುದಿಲ್ಲ. ಡಾಕ್ಟರ್ ಚೀಟಿ ಬರೆಸಿ 4 ಮಿಲಿಗ್ರಾಂ ಗಮ್ ತರಿಸಿದೆವು. 2 ಮಿಲಿಗ್ರಾಂ ಚೀಟಿ ಇಲ್ಲದೆಯೂ ಸಿಗುತ್ತದೆ, ಆದರೆ ಎದ್ದ ಕೂಡಲೇ ಹಚ್ಚುವವರಿಗೆ ಅದು ಸಾಕಾಗುವುದಿಲ್ಲ. ಅಗಿಯುವ ರೀತಿಯನ್ನು ನನ್ನ ಎದುರಿಗೇ ಮಾಡಿಸಿದೆ: ನಿಧಾನಕ್ಕೆ ನಾಲ್ಕಾರು ಸಲ ಅಗಿಯಿರಿ, ನಾಲಿಗೆಗೆ ಮೆಣಸಿನ ಹಾಗೆ ಚುರುಚುರು ಅಂದ ಕೂಡಲೇ ನಿಲ್ಲಿಸಿ ಕೆನ್ನೆಯ ಒಳಗೆ ಒತ್ತಿ ಇಡಿ, ಚುರುಚುರು ಹೋದ ಮೇಲೆ ಮತ್ತೆ ಅಗಿಯಿರಿ, ಅರ್ಧ ಗಂಟೆ ಬರಬೇಕು. ನಿಕೋಟಿನ್ ಬಾಯಿಯ ಒಳಚರ್ಮದಿಂದ ಮೈಗೆ ಹೋಗಬೇಕು. ನುಂಗಿದರೆ ಹೊಟ್ಟೆಗೆ ಹೋಗಿ ಎದೆ ಉರಿ. ಗಮ್‌ಗೆ ಹದಿನೈದು ನಿಮಿಷ ಮೊದಲು ಮತ್ತು ಗಮ್ ಬಾಯಲ್ಲಿರುವಾಗ ಚಹಾ, ಕಾಫಿ, ನಿಂಬೆ ಶರಬತ್ತು ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ.

ಚಹಾ ಅರ್ಧಕ್ಕೆ ಇಳಿಸಿ ಅಂದೆ. ಇದರ ಕಾರಣ ಬಹಳ ಜನಕ್ಕೆ ಗೊತ್ತಿಲ್ಲ. ಸಿಗರೇಟಿನ ಹೊಗೆ ಲಿವರ್ ಕೆಫೀನನ್ನು ಕರಗಿಸುವ ವೇಗ ಹೆಚ್ಚಿಸುತ್ತದೆ. ಬಿಟ್ಟ ಮೇಲೆ ಆ ವೇಗ ಇಳಿಯುತ್ತದೆ. ಅಷ್ಟೇ ಚಹಾ ಕುಡಿದರೂ ರಕ್ತದಲ್ಲಿ ಕೆಫೀನ್ ಜಾಸ್ತಿ ಉಳಿಯುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಜನ ಅದನ್ನೂ ಸಿಗರೇಟ್ ಬಿಟ್ಟ ಸಂಕಟ ಅಂತಲೇ ತಿಳಿಯುತ್ತಾರೆ.

ಮೊದಲ ಮೂರು ದಿನ ಮನೆಯಲ್ಲಿ ಎಲ್ಲರ ಮೇಲೂ ಸಿಡುಕಿದರು. ಆಮೇಲೆ ಇಳಿಯಿತು. ಒಂದೇ ಸಲ ಬಿಟ್ಟರೆ ಹಾರ್ಟಿಗೆ ತೊಂದರೆ ಆಗುತ್ತೆ ಅಂತ ಅವರ ಭಾವ ಹೆದರಿಸಿದ್ದರು. ಹಾಗೇನೂ ಇಲ್ಲ, ತಂಬಾಕನ್ನು ಒಂದೇ ಏಟಿಗೆ ನಿಲ್ಲಿಸಿದರೆ ಜೀವಕ್ಕೆ ಅಪಾಯವಿಲ್ಲ. ದಿನಾ ಜಾಸ್ತಿ ಹೆಂಡ ಕುಡಿಯುವವರು ಒಮ್ಮೆಲೇ ನಿಲ್ಲಿಸುವುದು ಬೇರೆ ವಿಷಯ, ಅದಕ್ಕೆ ಡಾಕ್ಟರ್ ಬೇಕೇ ಬೇಕು. ಎರಡನ್ನೂ ಬೆರೆಸಬಾರದು.

ಜೇಬಿನಲ್ಲಿದ್ದ ಪೊಟ್ಟಣ

ಏಪ್ರಿಲ್ ನಡುವೆ ಬಂದಾಗ ತೂಕ 77.5. ಸೊಂಟ 99. ಮುಖ ಸಣ್ಣಗಾಗಿತ್ತು. "ಮೇಡಂರೀ, ಸಿಗರೇಟ್ ಒಂದೂ ಮುಟ್ಟಿಲ್ಲ. ಊಟಾನೂ ಕಡಿಮಿ ಮಾಡೀನಿ, ರಾತ್ರಿ ಅನ್ನ ಬಿಟ್ಟೀನಿ. ಮತ್ಯಾಕ ಹಿಂಗ?" ಅಂದರು.

ಊಟದ ಲೆಕ್ಕ ಬರೆದುಕೊಂಡು ಬನ್ನಿ ಅಂದಿದ್ದೆ. ಅವರು ಬರೆಯುವ ಮನುಷ್ಯ, ಮಿಲ್ಲಿನ ಖಾತೆ ಪುಸ್ತಕದ ಹಾಗೇ ಗೆರೆ ಎಳೆದು ಟೈಮ್ ಹಾಕಿ ಬರೆದು ತಂದಿದ್ದರು. ಬೆಳಗ್ಗೆ ಮಂಡಕ್ಕಿ ಒಗ್ಗರಣಿ, ಮಧ್ಯಾಹ್ನ ನಾಲ್ಕು ರೊಟ್ಟಿ, ಪಲ್ಯ, ಅನ್ನ ಸಾರು, ಚಹಾ ನಾಲ್ಕು, ರಾತ್ರಿ ಏನೂ ಇಲ್ಲ ಅಥವಾ ಒಂದು ರೊಟ್ಟಿ. ಇಷ್ಟರಿಂದ ಮೂರು ತಿಂಗಳಲ್ಲಿ ಆರೂವರೆ ಕೆಜಿ ಏರುವುದಿಲ್ಲ.

ಮಾತಾಡುತ್ತಾ ಕೂತಿದ್ದಾಗ ಅವರ ಅಂಗಿಯ ಎದೆಜೇಬು ಕಣ್ಣಿಗೆ ಬಿತ್ತು. ಮೊದಲು ಸಿಗರೇಟ್ ಪ್ಯಾಕ್ ಇರುತ್ತಿದ್ದ ಜಾಗ. ಅಲ್ಲೊಂದು ಪೇಪರ್ ಪೊಟ್ಟಣ, ಪೇಪರಿಗೆ ಕಂದು ಕಲೆ ಹತ್ತಿತ್ತು. ಏನದು ಅಂದೆ. ಬೆಲ್ಲ. ಇದನ್ಯಾಕೆ ಬರೆದಿಲ್ಲ ಅಂದರೆ, "ಅದು ತಿನಿಸಲ್ರಿ, ಔಷಧಿ" ಅಂದರು.

ಬಿಟ್ಟ ಎರಡು-ಮೂರನೇ ವಾರದಲ್ಲಿ ಅವರಿಗೆ ಕೆಮ್ಮು ಜಾಸ್ತಿಯಾಗಿತ್ತು. ಇದು ಕೆಲವರಿಗೆ ಆಗುತ್ತದೆ. ಉಸಿರಿನ ಕೊಳವೆಯ ಒಳಗೆ ಕೂದಲಿಗಿಂತ ಸಣ್ಣ ಎಳೆಗಳಿವೆ, ಕಫ ಮತ್ತು ಧೂಳನ್ನು ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಹೊಗೆಗೆ ಮಂಕಾಗಿದ್ದ ಅವು ಸಿಗರೇಟ್ ಬಿಟ್ಟ ಮೇಲೆ ಮತ್ತೆ ಕೆಲಸ ಶುರು ಮಾಡುತ್ತವೆ, ಕಫ ಮೇಲೆ ಬರುತ್ತದೆ. ಕೆಲವು ವಾರದಲ್ಲಿ ತಗ್ಗುತ್ತದೆ. ತಗ್ಗದಿದ್ದರೆ, ರಕ್ತ ಕಂಡರೆ, ಎರಡು ವಾರ ಮೀರಿದ ಕೆಮ್ಮಿನ ಜೊತೆ ಜ್ವರ ಅಥವಾ ತೂಕ ಇಳಿಕೆ ಇದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು, ಅದು ಟಿಬಿ ಇರಬಹುದು. ಗುಮಾಸ್ತರ ಕೆಮ್ಮು ಕೇಳಿ ಹಮಾಲರು ಬೆಲ್ಲ ತಿನ್ನಿ ಅಂದರು. ನಮ್ಮ ಕಡೆ ರೈಸ್‌ಮಿಲ್, ಹತ್ತಿ ಜಿನ್ನಿಂಗ್, ಬಳ್ಳಾರಿ ಕಡೆ ಗಣಿ, ಎಲ್ಲಿ ಧೂಳಿದೆಯೋ ಅಲ್ಲೆಲ್ಲ ಈ ನಂಬಿಕೆ ಇದೆ: ಬೆಲ್ಲ, ಬಾಳೆಹಣ್ಣು ತಿಂದರೆ ಧೂಳು ತೊಳೆದು ಹೋಗುತ್ತದೆ. ಬೆಲ್ಲ ಹೋಗುವುದು ಹೊಟ್ಟೆಗೆ. ಧೂಳು, ಹೊಗೆ ಕೂತಿರುವುದು ಪುಪ್ಪುಸದಲ್ಲಿ. ಬೆಲ್ಲ ತಿಂದು ಮನುಷ್ಯರ ಪುಪ್ಪುಸ ಶುದ್ಧವಾಯಿತು ಅನ್ನುವುದಕ್ಕೆ ಆಧಾರವಿಲ್ಲ. ಧೂಳಿಗೆ ಬೇಕಾದದ್ದು ಮುಖಕ್ಕೆ ಸರಿಯಾದ ಮಾಸ್ಕ್, ಮಾಲೀಕರು ಹಾಕಿಸಬೇಕಾದ ಧೂಳು ಹೀರುವ ಯಂತ್ರ. ಅದರ ಬದಲು ಒಂದು ತುಂಡು ಬೆಲ್ಲ ಕೈಗಿಟ್ಟು ಕಳಿಸುವುದನ್ನು ನಾನು ಒಪ್ಪುವುದಿಲ್ಲ.

ಹೀಗೆ ಶುರುವಾದ ಬೆಲ್ಲ ನಿಧಾನಕ್ಕೆ ಸಿಗರೇಟಿನ ಜಾಗಕ್ಕೆ ಬಂದು ಕೂತಿತ್ತು. ತಲಬು ಬಂದಾಗಲೆಲ್ಲ ಒಂದು ಚೂರು. ಮಿಲ್ಲಿನಲ್ಲಿ ಅಕ್ಕಿಯ ಸ್ಯಾಂಪಲ್ ತೂಗುವ ಸಣ್ಣ ತಕ್ಕಡಿ ಇದೆಯಲ್ಲ, ಅದರಲ್ಲಿ ಒಂದು ದಿನದ್ದು ತೂಗಿ ಹೇಳಿ ಅಂದೆ. ಮಾರನೆ ದಿನ ಫೋನ್ ಮಾಡಿದರು, 70 ಗ್ರಾಂ. ಸುಮಾರು 270 ಕ್ಯಾಲೊರಿ. ಆಮೇಲೆ ಕೆದಕಿದಷ್ಟೂ "ಔಷಧಿ" ಹೊರಬಂತು. ಬೆಳಗ್ಗೆ ಬಿಸಿನೀರಿಗೆ ಎರಡು ಚಮಚ ಜೇನು, 45 ಕ್ಯಾಲೊರಿ ಆಸುಪಾಸು. ಹಾರ್ಟಿಗೆ ಒಳ್ಳೇದು ಅಂತ ಹುರಿದ ಶೇಂಗಾ ಎರಡು ಹಿಡಿ, ಸುಮಾರು 60 ಗ್ರಾಂ, 340 ಕ್ಯಾಲೊರಿ. ಒಟ್ಟು 650 ದಾಟಿತು, ಒಂದೂ ಪುಸ್ತಕದಲ್ಲಿ ಇರಲಿಲ್ಲ. ದಿನಕ್ಕೆ 250 ಕ್ಯಾಲೊರಿ ಜಾಸ್ತಿಯಾದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಕೆಜಿ ಕೊಬ್ಬು ಕೂಡುತ್ತದೆ. ಅವರು ಬಿಟ್ಟಿದ್ದ ರಾತ್ರಿ ಅನ್ನ ಇದರ ಮುಂದೆ ಏನೂ ಅಲ್ಲ.

ಈ ಪ್ರಕರಣವನ್ನು ಬರೆಯಲೇಬೇಕು ಅನ್ನಿಸಿದ್ದು ಇದಕ್ಕೇ. ಅವರು ಹೊಟ್ಟೆಬಾಕತನದಿಂದ ದಪ್ಪ ಆಗಲಿಲ್ಲ. ಆರೋಗ್ಯಕ್ಕೆ ಒಳ್ಳೇದು ಅಂತ ಯಾರ್ಯಾರೋ ಹೇಳಿದ್ದನ್ನು ಶ್ರದ್ಧೆಯಿಂದ ತಿಂದು ದಪ್ಪ ಆದರು. ಔಷಧಿ ಅಂತ ಹೆಸರು ಬಿದ್ದ ಮೇಲೆ ಅದನ್ನು ಯಾರೂ ಅಳೆಯುವುದಿಲ್ಲ, ಬರೆಯುವುದೂ ಇಲ್ಲ.

ಇನ್ನೂ ಏನೇನು ನಂಬಿದ್ದರು

ಜೋಳದ ರೊಟ್ಟಿ ಎಷ್ಟು ತಿಂದರೂ ದಪ್ಪ ಆಗಲ್ಲ, ಅನ್ನ ಮುಟ್ಟಿದರೆ ಸಾಕು ಹೊಟ್ಟೆ ಬರುತ್ತೆ ಅನ್ನೋದು ಇನ್ನೊಂದು. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 335 ಕ್ಯಾಲೊರಿ, ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಜೋಳದ ಲಾಭ ಬೇರೆ ಕಡೆ ಇದೆ: ನಾರು ಅಕ್ಕಿಗಿಂತ ಮೂರು ಪಟ್ಟು, ಪ್ರೋಟೀನ್ ಕೂಡ ಸ್ವಲ್ಪ ಜಾಸ್ತಿ. ಅದರಿಂದ ಬೇಗ ಹೊಟ್ಟೆ ತುಂಬುತ್ತದೆ, ಸಕ್ಕರೆ ನಿಧಾನಕ್ಕೆ ಏರುತ್ತದೆ. ಎರಡು ರೊಟ್ಟಿಗೆ ನಿಲ್ಲಿಸಿದರೆ ಈ ಲಾಭ ಕೈಗೆ ಸಿಗುತ್ತದೆ, ನಾಲ್ಕು ತಿಂದು ಮೇಲೆ ಅನ್ನ ಹಾಕಿದರೆ ಸಿಗುವುದಿಲ್ಲ. ಸೋನಾ ಮಸೂರಿ ಬೆಳೆಯುವ ಊರಿನಲ್ಲಿ, ಅದೂ ರೈಸ್‌ಮಿಲ್ಲಿನವರಿಗೆ, ಅನ್ನ ಪೂರ್ತಿ ಬಿಡಿ ಅಂತ ಹೇಳುವುದರಲ್ಲಿ ಅರ್ಥವೂ ಇಲ್ಲ, ಅಗತ್ಯವೂ ಇಲ್ಲ.

ಸಕ್ಕರೆಗಿಂತ ಬೆಲ್ಲ ಒಳ್ಳೇದು ಅನ್ನೋದು ಕ್ಯಾಲೊರಿ ಲೆಕ್ಕದಲ್ಲಿ ನಿಲ್ಲುವುದಿಲ್ಲ, ಎರಡೂ ಹೆಚ್ಚುಕಡಿಮೆ ಒಂದೇ. ಜೇನುನೀರು, ಜೀರಿಗೆ ನೀರು, ಹುರುಳಿ ಕಟ್ಟು, ಯಾವುದೂ ಕೊಬ್ಬು ಕರಗಿಸುವುದಿಲ್ಲ. ಹುರುಳಿ ಒಳ್ಳೆಯ ಕಾಳು, ಊಟವಾಗಿ ತಿನ್ನಿ. ಮಿಲ್ಲಿನ ಬಾಯ್ಲರ್ ಹತ್ತಿರ ನಿಂತು ಬೆವರು ಸುರಿಸಿದರೆ ತೂಕ ಇಳಿಯುತ್ತದೆ ಅಂತ ಒಂದು ವಾರ ಅದನ್ನೂ ಮಾಡಿದ್ದರು. ಇಳಿದದ್ದು ನೀರು, ಒಂದು ಚೆಂಬು ಕುಡಿದ ಕೂಡಲೇ ವಾಪಸ್. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಇದು ನಿಜಕ್ಕೂ ಅಪಾಯ. ಒಂದು ತಿಂಗಳು ಊಟದ ಬದಲು ಕುಡಿಯುವ ಪುಡಿಗೂ ದುಡ್ಡು ಸುರಿದಿದ್ದರು. ಆ ದುಡ್ಡಿಗೆ ಮನೆಮಂದಿಗೆಲ್ಲ ತಿಂಗಳ ಮೊಟ್ಟೆ, ಹಾಲು, ಕಾಳು ಬರುತ್ತಿತ್ತು.

ಸಿಗರೇಟಿಗಿಂತ ಬೀಡಿ ವಾಸಿ, ಎಲೆ ಅಲ್ವಾ, ಅನ್ನುವ ಮಾತಂತೂ ಎಲ್ಲದಕ್ಕಿಂತ ಕೆಟ್ಟದ್ದು. ಬೀಡಿಯಲ್ಲಿ ತಂಬಾಕು ಕಡಿಮೆ ಇರಬಹುದು, ಆದರೆ ಅದು ಆರಿಹೋಗದ ಹಾಗೆ ಮೇಲಿಂದ ಮೇಲೆ ಎಳೆಯಬೇಕು. ಒಳಗೆ ಹೋಗುವ ಟಾರ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಕಡಿಮೆ ಇಲ್ಲ, ಎಷ್ಟೋ ಸಲ ಜಾಸ್ತಿ. ಸಿಗರೇಟ್ ಬದಲು ಗುಟ್ಕಾ, ಖೈನಿ ಹಾಕಿಕೊಳ್ಳುವುದೂ ಬಿಟ್ಟ ಲೆಕ್ಕಕ್ಕೆ ಬರುವುದಿಲ್ಲ, ಬಾಯಿ ಕ್ಯಾನ್ಸರಿಗೆ ಅದು ನೇರ ದಾರಿ. ಅಡಿಕೆ ಕೂಡ, ತಂಬಾಕು ಇಲ್ಲದೆಯೂ, ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ.

ಏನು ಬದಲಾಯಿಸಿದೆವು

ಮೊದಲು ರಾತ್ರಿ ಊಟ ವಾಪಸ್ ತಂದೆವು. ಇದಕ್ಕೆ ಅವರು ಸುಲಭಕ್ಕೆ ಒಪ್ಪಲಿಲ್ಲ. ಆದರೆ ಉಪವಾಸ ಮತ್ತು ಸಿಗರೇಟ್ ಬಿಡುವುದು ಒಟ್ಟಿಗೆ ನಡೆಯುವುದು ಕಷ್ಟ. ಹಸಿದ ಹೊಟ್ಟೆಯಲ್ಲಿ ತಲಬು ಎರಡು ಪಟ್ಟು ಕಾಡುತ್ತದೆ, ಹಸಿವು ಯಾವುದು ತಲಬು ಯಾವುದು ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಯಾರಿಗೂ ಕಟ್ಟುನಿಟ್ಟಿನ ಡಯಟ್ ಹೇಳುವುದಿಲ್ಲ, ತೂಕ ಏರದಂತೆ ತಡೆದರೆ ಸಾಕು.

ರಾತ್ರಿ ಎಂಟೂವರೆಗೆ ಎರಡು ರೊಟ್ಟಿ, ಹೆಸರುಕಾಳು ಅಥವಾ ಮಡಿಕಿಕಾಳಿನ ಪಲ್ಯ, ಪುಂಡಿಪಲ್ಲೆ, ಹಸಿ ಮೂಲಂಗಿ-ಸೌತೆಕಾಯಿ, ಮಜ್ಜಿಗೆ. ಮಧ್ಯಾಹ್ನ ರೊಟ್ಟಿ ನಾಲ್ಕರಿಂದ ಎರಡಕ್ಕೆ, ಅನ್ನ ಒಂದು ಬಟ್ಟಲು, ಪಲ್ಯ ಎರಡರಷ್ಟು. ಚಹಾಕ್ಕೆ ಸಕ್ಕರೆ ಅರ್ಧ. ಒಗ್ಗರಣಿ ಬಿಡಿಸಲಿಲ್ಲ. ಮಂಡಕ್ಕಿ ಕೈಗೆ ಹಗುರ, ಆದರೆ ತೂಕಕ್ಕೆ ತೂಕ ಅಕ್ಕಿಯಷ್ಟೇ ಕ್ಯಾಲೊರಿ, ಜೊತೆಗೆ ಎಣ್ಣೆ ಹೀರುತ್ತದೆ. ಹಾಗಾಗಿ ಒಂದು ಪ್ಲೇಟ್, ಮೇಲೆ ಶೇಂಗಾ ಬದಲು ಮೊಳಕೆ ಕಾಳು, ಮಿರ್ಚಿ ವಾರಕ್ಕೊಮ್ಮೆ. ಶೇಂಗಾ ದಿನಕ್ಕೆ ಒಂದು ಸಣ್ಣ ಹಿಡಿ, ಅದಕ್ಕಿಂತ ಜಾಸ್ತಿ ಬೇಡ. ಬೆಲ್ಲ, ಜೇನು ಪೂರ್ತಿ ಬಂದ್. ಜೇಬಿಗೆ ಸೋಂಪು, ಲವಂಗ.

ಎಣ್ಣೆಯ ವಿಷಯ ಅವರ ಹೆಂಡತಿ ನೋಡಿಕೊಂಡರು. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಕ್ಯಾನ್ ಖಾಲಿಯಾಗುತ್ತಿತ್ತು, ಅಂದರೆ ತಲೆಗೆ ದಿನಕ್ಕೆ 40 ಮಿಲಿಲೀಟರಿಗಿಂತ ಜಾಸ್ತಿ. ಕೂತು ಕೆಲಸ ಮಾಡುವವರಿಗೆ 25 ಗ್ರಾಂ ಆಸುಪಾಸು ಸಾಕು. ಒಂದು ಸಣ್ಣ ಚಮಚ ಎಣ್ಣೆ ಅಂದರೆ 45 ಕ್ಯಾಲೊರಿ. ಆ ತಾಯಿ ಏನೂ ದೊಡ್ಡದು ಮಾಡಲಿಲ್ಲ. ಕ್ಯಾನಿನಿಂದ ಬಾಣಲೆಗೆ ಸುರಿಯುವುದು ನಿಲ್ಲಿಸಿ, ಚಮಚದಲ್ಲಿ ಅಳೆದು ಹಾಕತೊಡಗಿದರು. ಮೂರೂವರೆ ಲೀಟರಿಗೆ ಬಂತು, ಮಕ್ಕಳಿಗೆ ರುಚಿ ವ್ಯತ್ಯಾಸ ಗೊತ್ತೇ ಆಗಲಿಲ್ಲವಂತೆ. ಈ ಪ್ರಕರಣದಲ್ಲಿ ಅರ್ಧ ಕೆಲಸ ಅವರದ್ದೇ ಅಂತ ನನ್ನ ಅಭಿಪ್ರಾಯ.

ನಡಿಗೆಯನ್ನು ತೂಕಕ್ಕಿಂತ ಜಾಸ್ತಿ ತಲಬಿಗಾಗಿ ಇಟ್ಟೆವು. ಒಂದು ತಲಬು ಏರಿ ಇಳಿಯುವುದಕ್ಕೆ ಐದು-ಹತ್ತು ನಿಮಿಷ. ಆ ಹೊತ್ತಿನಲ್ಲಿ ಕುರ್ಚಿ ಬಿಟ್ಟೆದ್ದು ಗೋಡೌನ್ ಸುತ್ತಿ ಬಂದರೆ ಅದು ಇಳಿದಿರುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲು ಕಾಲುವೆ ಏರಿ ಮೇಲೆ ಅರ್ಧ ಗಂಟೆ.

ಮೇ ತಿಂಗಳ ಆ ರಾತ್ರಿ

ಎರಡನೇ ಬೆಳೆ ಬಂದಾಗ ಲಾರಿಗಳು ಸಾಲುಗಟ್ಟಿ ನಿಂತವು. ಒಂದು ರಾತ್ರಿ ಊಟ ತಪ್ಪಿತು, ಗಮ್ ಮನೆಯಲ್ಲೇ ಉಳಿದಿತ್ತು, ಡ್ರೈವರ್ ಒಬ್ಬರು ಬೀಡಿ ಚಾಚಿದರು. ಎರಡು ಸೇದಿದರು. ಮಾರನೆ ದಿನ "ಎಲ್ಲಾ ಹೋತ್ರಿ" ಅಂತ ಫೋನ್. ಎಲ್ಲಾ ಹೋಗಿರಲಿಲ್ಲ. ಎರಡು ಬೀಡಿ ಅಂದರೆ ಎರಡು ಬೀಡಿ ಅಷ್ಟೇ. ಹೆಂಗೂ ಮುರೀತು ಅಂತ ಮೂರನೆಯದು ಹಚ್ಚಿದಾಗಲೇ ಚಟ ವಾಪಸ್ ಬರುವುದು. ಅವತ್ತು ಏನೇನು ಒಟ್ಟಿಗೆ ಬಂತು ಅಂತ ಬರೆಯಿಸಿದೆ: ಹಸಿವು, ನಿದ್ದೆಗೇಡು, ಗಮ್ ಇಲ್ಲ, ಜೊತೆಗಾರರು. ಮುಂದಿನ ರಾತ್ರಿಯಿಂದ ಊಟದ ಡಬ್ಬಿ ಮಿಲ್ಲಿಗೆ ಬಂತು, ಗಮ್ಮಿನ ಒಂದು ಪಟ್ಟಿ ಟೇಬಲ್ ಡ್ರಾಯರಿಗೆ ಬಂತು. ನಾನು ಫೋನಿಗೆ ಸಿಗದ ಹೊತ್ತಿಗೆ 1800-11-2356 ಬರೆದುಕೊಟ್ಟೆ. ಸಿಗರೇಟ್ ಪ್ಯಾಕಿನ ಮೇಲೇ ಅಚ್ಚಾಗಿರುವ ಸರ್ಕಾರದ ಕ್ವಿಟ್‌ಲೈನ್ ಅದು, ಅಂದರೆ ತಂಬಾಕು ಬಿಡುವವರ ಸಹಾಯವಾಣಿ, ಫ್ರೀ, ಕನ್ನಡದಲ್ಲೂ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ವ್ಯಸನ ಮುಕ್ತ ಕೇಂದ್ರಗಳೂ ಇವೆ, ಅಲ್ಲಿ ಹೋಗಲು ಯಾರೂ ಸಂಕೋಚ ಪಡಬೇಕಾಗಿಲ್ಲ.

ಈಗಿನ ಸ್ಥಿತಿ

ಅಕ್ಟೋಬರಿನಲ್ಲಿ ನೋಡಿದಾಗ ತೂಕ 74. ಸೊಂಟ 95. ಎಚ್‌ಬಿಎ1ಸಿ 5.8. ಆ ಎರಡು ಬೀಡಿ ಬಿಟ್ಟರೆ ಜನವರಿಯಿಂದ ಸೇದಿಲ್ಲ. ಗಮ್ ನಿಧಾನಕ್ಕೆ ಇಳಿಸಿ ಆಗಸ್ಟಿಗೆ ನಿಲ್ಲಿಸಿದ್ದಾರೆ. ಬಿಡುವ ಮೊದಲಿದ್ದ 71ಕ್ಕೆ ಇನ್ನೂ ಮೂರು ಕೆಜಿ ದೂರ, ಅದೂ ಸರಿಯಾದ ತೂಕವೇನಲ್ಲ. ತಿಂಗಳಿಗೆ ಅರ್ಧ ಕೆಜಿಗಿಂತ ಬೇಗ ಇಳಿಸುವ ಆಸೆ ಅವರಿಗಿದೆ, ನಾನು ಬೇಡ ಅಂದಿದ್ದೇನೆ. ಮುಂಗಾರಿನ ಭತ್ತ ನವೆಂಬರಿನಲ್ಲಿ ಬರುತ್ತದೆ, ಮತ್ತೆ ರಾತ್ರಿ ಪಾಳಿ. ಆ ಎರಡು ತಿಂಗಳು ತೂಕ 74ರಲ್ಲೇ ನಿಂತರೆ ಸಾಕು, ಇಳಿಸುವ ಕೆಲಸ ಸಂಕ್ರಾಂತಿ ಆದಮೇಲೆ ಅಂತ ಮಾತಾಗಿದೆ. ಡ್ರಾಯರಿನಲ್ಲಿ 2 ಮಿಲಿಗ್ರಾಂ ಗಮ್ ಒಂದು ಪಟ್ಟಿ ಇಡಲು ಹೇಳಿದ್ದೇನೆ, ಬೇಕಾದರೆ ಇರಲಿ ಅಂತ. ಎಚ್‌ಬಿಎ1ಸಿ ಜನವರಿಯಲ್ಲಿ ಮತ್ತೊಮ್ಮೆ ಮಾಡಿಸುತ್ತೇವೆ.